ಮೂರು ಹೊಟ್ಟೆಯ ಗಾಡಿ

ಇಂಜಿನ್ ಬಿಸಿ ಇರುವಾಗಲೇ ಬಿಚ್ಚಬೇಕು.
ತಣ್ಣಗಾದರೆ ಕೊಳೆ ತಳದಲ್ಲೇ ಕೂತುಬಿಡುತ್ತದೆ,
ಎಬ್ಬಿಸಿದರೂ ಏಳುವುದಿಲ್ಲ.
ಇದು ಇನಾಸ ಉಸ್ತಾದರ ಮೊದಲ ಪಾಠ,
ಕೋಡಿಬಾಗದ ಶೆಡ್ಡಿನಲ್ಲಿ, ನನಗೆ ಹದಿನಾರು.

ಎರಡನೆಯದು ವಾಶರ್. ತಾಮ್ರದ್ದು, ಹತ್ತು ರೂಪಾಯಿ.
ಹಳೆಯದನ್ನೇ ಹಾಕಿ ಬಿಗಿದವನ ಅಂಗಳದಲ್ಲಿ
ಬೆಳಿಗ್ಗೆ ಎದ್ದರೆ ಕರಿ ರಂಗೋಲಿ.

ಡಬ್ಬದ ಮೇಲಿನ ಡಬ್ಲ್ಯೂ ಎಂತದು, ಕೇಳಿದೆ.
"ಚಳಿಗಾಲ."
"ಇಲ್ಲೆಲ್ಲಿದೆ ಚಳಿಗಾಲ?"
ಕಾಳಿ ಹೊಳೆಯ ಕಡೆ ನೋಡಿ ಸ್ವಲ್ಪ ಹೊತ್ತು ಸುಮ್ಮನಿದ್ದು,
"ಡಬ್ಬ ಮಾಡಿದವರ ಊರಲ್ಲಿ ಇರಬೇಕು ಮಾರಾಯ.
ನಮಗೆ ಹಿಂದಿನ ನಂಬರ್ ಸಾಕು. ಐವತ್ತು."

ಅವರದ್ದು ಎಪ್ಪತ್ತೆಂಟರ ಬುಲೆಟ್. ಮೂರು ಹೊಟ್ಟೆ.
ಇಂಜಿನ್ನಿಗೆ ಒಂದು ಎಣ್ಣೆ,
ಗಿಯರ್ ಬಾಕ್ಸಿಗೆ ಜೋನಿ ಬೆಲ್ಲದ ಹಾಗೆ ಇಳಿಯುವ ಗಟ್ಟಿಯದು,
ಕ್ಲಚ್ಚಿನ ಡಬ್ಬಿಗೆ ಬೇರೆ, ತೆಳು.
ಒಂದೇ ಮನೆ, ಮೂವರಿಗೆ ಮೂರು ಪಥ್ಯ.

ಮೊಣಕಾಲು ಹೋದ ಮೇಲೆ ಅವರು ಗಾಡಿ ಏರಲಿಲ್ಲ.
ವಾರಕ್ಕೊಮ್ಮೆ ಕಿಕ್ ಹೊಡಿ, ಹತ್ತು ನಿಮಿಷ,
ಸ್ಟ್ಯಾಂಡಿನ ಮೇಲೆಯೇ, ಎಂದು ಕೀಲಿ ಕೊಟ್ಟರು.

ಬೈತಖೋಲದ ಧಕ್ಕೆಯಲ್ಲಿ ಉಲ್ಲಾಸ ತಾಂಡೇಲನ ಟೆಂಪೊ ಕೆಟ್ಟ ದಿನ
ಎರಡು ಪೆಟ್ಟಿಗೆ ಇಸ್ವಾಣ, ಐಸು ಕರಗುತ್ತಿತ್ತು,
ಶಿರಸಿಯಲ್ಲಿ ಯಾರದೋ ಮದುವೆಯ ಊಟ.
ಕೀಲಿ ನನ್ನ ಕಿಸೆಯಲ್ಲಿತ್ತು.

ಕ್ಲಚ್ ಡಬ್ಬಿ ಬತ್ತಿತ್ತು. ಶೆಡ್ಡಿನಲ್ಲಿದ್ದದ್ದು
ಡಾಕ್ಟರ ಕಾರಿಗೆ ಹೊಯ್ದು ಉಳಿದ ಅರ್ಧ ಲೀಟರ್,
ಜೇನಿನ ಬಣ್ಣ, ಮುಟ್ಟಿದರೆ ಬೆರಳೇ ಜಾರುವ ನುಣುಪು.
ಅಷ್ಟು ದುಬಾರಿ ಎಣ್ಣೆ, ಎಂತ ಆದೀತು. ಹೊಯ್ದೆ.

ದೇವಿಮನೆ ಘಟ್ಟದ ಮೂರನೇ ತಿರುವಿನಲ್ಲಿ
ಇಂಜಿನ್ ಕೂಗಿತು, ಚಕ್ರಕ್ಕೆ ಕೇಳಲಿಲ್ಲ.
ಒಂದನ್ನೊಂದು ಕಚ್ಚಿ ಹಿಡಿಯಬೇಕಾದ ಪ್ಲೇಟುಗಳ ನಡುವೆ
ನಾನು ಬೆಣ್ಣೆ ಸವರಿದ್ದೆ.
ಉಲ್ಲಾಸ ಇಳಿದು ತಳ್ಳಿದ, ಬೈದ, ತಳ್ಳಿದ.
ಪೆಟ್ಟಿಗೆಯ ನೀರು ಸೈಲೆನ್ಸರಿಗೆ ಬಿದ್ದು ಛುಸ್ ಎನ್ನುತ್ತಿತ್ತು.

ಮೇ ಕೊನೆ. ಮಳೆಗೆ ಮುಂಚೆ ಎಣ್ಣೆ ಬದಲಿಸುವುದು ರೂಢಿ.
ಉಸ್ತಾದರು ಸ್ಟೂಲಿನ ಮೇಲೆ. ಕಣ್ಣಿಗೆ ಪೊರೆ.
ಮೂರು ಪರಾತ, ಮೂರು ಬೋಲ್ಟು.
ಒಂದೊಂದಕ್ಕೂ ಬೆರಳು ಅದ್ದಿ ಹೆಬ್ಬೆರಳಿಗೆ ಉಜ್ಜಿದರು.
ಇಂಜಿನ್ನಿನದಕ್ಕೆ ತಲೆಯಾಡಿಸಿದರು. ಗಿಯರಿನದು, ಹ್ಞಾ, ಅಡ್ಡಿಲ್ಲ.
ಮೂರನೆಯದನ್ನು ಮೂಗಿಗೆ ಹಿಡಿದರು.

"ಇದು ಘಟ್ಟ ಹತ್ತಿದೆಯಲ್ಲ."

ಸೇತುವೆಯ ಮೇಲೆ ಗೋವೆಯ ಲಾರಿಗಳು ಹೋಗುತ್ತಿದ್ದವು.
ನಾನು ಬೋಲ್ಟು ಒರೆಸುತ್ತಿದ್ದೆ, ಒರೆಸಿದ್ದನ್ನೇ.
"ಎಷ್ಟು ಭಾರ?"
"ಎರಡು ಪೆಟ್ಟಿಗೆ. ಮತ್ತೆ ಉಲ್ಲಾಸ."
"ಬಂಗಡೆಯಾ?"
"ಇಸ್ವಾಣ."
"ನನಗೊಂದು ತುಂಡು ಬರಲಿಲ್ಲ."

ಹೊಸ ಪ್ಲೇಟಿನ ದುಡ್ಡು ನನ್ನ ಪಗಾರದಲ್ಲಿ ಮುರಿದರು, ನಾಲ್ಕು ಕಂತು.
ಹಳೆ ಎಣ್ಣೆಯನ್ನು ಕ್ಯಾನಿಗೆ ಸುರಿದೆ, ಬೇಲಿ ಗೂಟಕ್ಕೆ ಬಳಿಯಲು.
ಹೊಳೆಗೆ ಚೆಲ್ಲಿದವನ ಕೈ ಮುರಿಯುವೆನೆಂದು
ಗೋಡೆಯ ಮೇಲೆ ಬರೆಸಿದ್ದಾರೆ, ಮೂರು ಭಾಷೆಯಲ್ಲಿ.

ಕತ್ತಲಾಗುವಾಗ ಮೆಲ್ಲಗೆ ಕೇಳಿದರು:
"ತಿರುವಿನಲ್ಲಿ ಎರಡನೇ ಗಿಯರು ಇನ್ನೂ ಹಟ ಮಾಡುತ್ತದೆಯೋ?"
ಮಾಡುತ್ತದೆ ಎಂದೆ.
ಸ್ಟೂಲಿನ ಕೆಳಗೆ ಅವರ ಬಲಗಾಲು
ನೆಲವನ್ನು ಒಮ್ಮೆ ಒತ್ತಿತು.