ಏಳನೆಯ ಬಾಟಲಿ

ಯಾಕಿಮಾದ ಪ್ಯಾಕಿಂಗ್ ಶೆಡ್ಡಿನಲ್ಲಿ
ಬೇಡ ಅನ್ನುವುದು ನನ್ನ ಕೆಲಸ.
ಬೆಲ್ಟಿನ ಮೇಲೆ ಉರುಳಿ ಬರುವ ಪೇರ್ ಹಣ್ಣುಗಳಲ್ಲಿ
ಆಲಿಕಲ್ಲು ಚಿವುಟಿದ್ದು, ಕೊಂಬೆ ಗೀರಿದ್ದು,
ಸೊಂಟ ಸೊಟ್ಟಗಾದದ್ದು,
ಎಡಕ್ಕೆ ತಳ್ಳು, ಎಡಕ್ಕೆ ತಳ್ಳು.
ರುಚಿಯಲ್ಲಿ ಒಂದಕ್ಕೂ ಕೊರತೆಯಿಲ್ಲ,
ಮೋರೆ ಮಾತ್ರ ಅಂಗಡಿಗೆ ಆಗಿಬರುವುದಿಲ್ಲ.

ಜುಲೈಯ ಆಲಿಕಲ್ಲಿಗೆ ಈ ಸಲ ಎಡಗಡೆಯೇ ಹೆಚ್ಚು.
ಫೋರ್‌ಮನ್ ಎಫ್ರೇನ್ ಎತ್ತಲೋ ನೋಡುತ್ತ
"ಅರ್ಧ ಪೆಟ್ಟಿಗೆ ಒಯ್ಯಿ, ಇಲ್ಲದಿದ್ದರೆ ದನಕ್ಕೆ" ಅಂದ.
ಒಯ್ದೆ. ಪಕ್ಕದ ಮನೆಯ ವರ್ಲೀನಳ ಜಗಲಿಯಲ್ಲಿ
ಐದು ದಿನ ಕೂತು ಹಳದಿಯಾದವು.
ಎಂಬತ್ತೊಂದರ ಹೆಬ್ಬೆರಳು ಹಣ್ಣಿನ ಕುತ್ತಿಗೆ ಒತ್ತಿ ನೋಡಿತು:
"ನಾಳೆಗೆ ತಡ. ಇವತ್ತೇ."

ಗದುಗಿನ ಸೋದರತ್ತೆ ನನಗೆ ಕಲಿಸಿದ್ದು ಒಂದೇ ಶಾಸ್ತ್ರ:
"ಹಸಿ ಕೈ ಹಚ್ಚಬ್ಯಾಡ, ಬೂಸ್ರು ಬರ್ತೈತಿ."
ಭರಣಿಗೆ ನೀರೇ ವೈರಿ.
ಬಿಸಿಲಿಗೊಡ್ಡಿ, ಬಾಯಿಗೆ ಬಟ್ಟೆ ಬಿಗಿದು,
ಮುಟ್ಟಾದವರನ್ನು ಬಾಗಿಲಾಚೆ ನಿಲ್ಲಿಸಿ
ಉಪ್ಪು ಖಾರವನ್ನು ಕಾವಲಿಗೆ ಬಿಡುತ್ತಿದ್ದಳು.
ಇಲ್ಲಿ ನೋಡಿದರೆ, ಬಾಟಲಿಯನ್ನು ಇಡಿಯಾಗಿ
ನೀರಿನಲ್ಲೇ ಮುಳುಗಿಸಿ ಕುದಿಸು ಅನ್ನುತ್ತಾಳೆ.
"ಇಪ್ಪತ್ತೈದು ನಿಮಿಷ. ನಮ್ಮೂರು ಎತ್ತರದಲ್ಲಿದೆ,
ಅದಕ್ಕೆ ಇನ್ನೈದು."
ಊರಿನ ಎತ್ತರವನ್ನು ನಿಮಿಷದಲ್ಲಿ ಅಳೆದದ್ದು
ನಾನು ಅವತ್ತೇ ಕಂಡದ್ದು.

ಬಾಟಲಿ ಇರಲಿಲ್ಲ. ನೆಲಮಾಳಿಗೆಗೆ ಇಳಿದೆವು.
ಹಲಗೆಯ ಹಿಂದಿನ ಸಾಲಿನಲ್ಲಿ
ಕಂದುಬಣ್ಣಕ್ಕೆ ತಿರುಗಿದ ಏಪ್ರಿಕಾಟ್,
ಚೀಟಿಯ ಮೇಲೆ ಗಂಡಸಿನ ಕೈಬರಹ:
೨೦೧೧, ಡೀನ್ ಕಿತ್ತದ್ದು.
ಡೀನ್ ತೀರಿಕೊಂಡದ್ದು ಅದೇ ಚಳಿಗಾಲ.
ವರ್ಷ ವರ್ಷ ಧೂಳು ಒರೆಸಿ ಒರೆಸಿ ಇಟ್ಟದ್ದು.

ಉಡುಗೊರೆಯ ಕಾಗದವನ್ನು ಇಸ್ತ್ರಿ ಮಾಡಿ ಎತ್ತಿಡುವ ಹೆಂಗಸು
ಒಂದೊಂದೇ ಮುಚ್ಚಳ ಮೀಟಿದಳು.
ಹೊರಗಿನ ಗಾಳಿ ಒಳಗೆ ಹೋಯಿತು, ಅಷ್ಟೇ.
"ಇದೂ ದಂಡವೇ. ನಾನೇ ಮಾಡಿದ್ದು.
ಗಾಜು ಬೇಕು, ಸುರಿ."
ಏಳು ಬಾಟಲಿ ಏಪ್ರಿಕಾಟ್ ಗೊಬ್ಬರದ ಗುಂಡಿಗೆ.
ಚೀಟಿ ಬಿಸಿನೀರಿನಲ್ಲಿ ತಾನಾಗಿ ಬಿಟ್ಟಿತು,
ಶಾಯಿ ತುಸು ಹೊತ್ತು ನೀಲಿಯಾಗಿ ನಿಂತು
ತೂತಿನತ್ತ ತಿರುಗಿತು.
ಅವಳು ಅತ್ತ ನೋಡಲಿಲ್ಲ, ಸಿಪ್ಪೆ ಹೆರೆಯುತ್ತಿದ್ದಳು,
ಒಂದೇ ಎಳೆಯಲ್ಲಿ, ಎಲ್ಲೂ ತುಂಡಾಗದ ಹಾಗೆ.

ರಾತ್ರಿ ಹತ್ತೂವರೆ. ಟವೆಲ್ಲಿನ ಮೇಲೆ ಏಳು ಬಾಟಲಿ,
ಒಂದಕ್ಕೊಂದು ತಾಗದಂತೆ.
"ಮಾತಾಡಬೇಡ. ಕೇಳು."
ಟಿಣ್.
ಆರುತ್ತ ಆರುತ್ತ ಮುಚ್ಚಳ ಒಳಕ್ಕೆ ಎಳೆದುಕೊಳ್ಳುವ ಸದ್ದು.
ಟಿಣ್.
ಆಮೇಲೆ ಬಹಳ ಹೊತ್ತು ಏನೂ ಇಲ್ಲ,
ದೂರದಲ್ಲಿ ಸರಕು ರೈಲು.
ಟಿಣ್ ಟಿಣ್, ಎರಡು ಒಟ್ಟಿಗೆ,
ಅವಳ ಬೆರಳು ಮಡಿಯುತ್ತ ಹೋಯಿತು. ಐದು. ಆರು.

ಏಳನೆಯದು ಬಾಯಿ ಬಿಡಲಿಲ್ಲ,
ಬಾಯಿ ಮುಚ್ಚಲೂ ಇಲ್ಲ.
ಹನ್ನೆರಡರವರೆಗೂ ಕಾದೆವು.
ಒತ್ತಿದರೆ ಮುಚ್ಚಳ ಕೆಳಗೆ ಮೇಲೆ,
ಕಪ್ಪೆಯ ಗಂಟಲಿನ ಹಾಗೆ.
ಅಭ್ಯಾಸಬಲ, ನನ್ನ ಕೈ ಅದನ್ನು
ಎಡಕ್ಕೆ ತಳ್ಳಿಬಿಟ್ಟಿತ್ತು.

ವರ್ಲೀನ್ ಅದನ್ನೇ ಎಳೆದುಕೊಂಡು ಎರಡು ಚಮಚ ತಂದಳು.
"ಬಿಗಿಯದ್ದನ್ನು ಮೊದಲು ತಿನ್ನಬೇಕು."
ಆಲಿಕಲ್ಲಿನ ಗಾಯ ಕೆತ್ತಿ ತೆಗೆದ ಗುಳಿಗಳಲ್ಲಿ
ಪಾಕ ನಿಂತಿತ್ತು, ಇನ್ನೂ ಬೆಚ್ಚಗೆ.
ತಳ ಕಾಣುವ ತನಕ ತಿಂದೆವು.

ಉಳಿದ ಆರಕ್ಕೆ ಚೀಟಿ ಬರೆ ಎಂದು ಪೆನ್ನು ಕೊಟ್ಟಳು.
ಕನ್ನಡದಲ್ಲೇ ಬರೆದೆ.
"ಏನದು?"
"ಪೇರ್. ಬರುವ ಭಾದ್ರಪದದೊಳಗೆ ತಿಂದು ಮುಗಿಸುವುದು."
ಕನ್ನಡಕ ಏರಿಸಿ, ಓದಬಲ್ಲವಳಂತೆ ಅಷ್ಟೂ ನೋಡಿ ಅಂದಳು:
"ಇನ್ನೂ ದೊಡ್ಡದಾಗಿ ಬರೆ.
ಹಿಂದಿನ ಸಾಲಿಗೆ ಹೋದರೂ ಕಾಣಬೇಕು."