ಡೈರಿ ನೋಡಿ ಹೇಳ್ತೇನೆ

ವಲಯದ ಪಂದ್ಯಗಳನ್ನು ವಿಶ್ವವಿದ್ಯಾಲಯವೇ ಹಾಕುತ್ತದೆ,
ಚೀಟಿ ಎತ್ತಿ, ಕಾಗದಕ್ಕೆ ಮೊಹರು ಒತ್ತಿ.
ಅದಕ್ಕೆ ಮುಂಚಿನ ಆರು ಶನಿವಾರ ಮಾತ್ರ
ನನ್ನ ತಲೆಗೆ ಕಟ್ಟಿದ್ದು.
ಭಾಂಡೂಪಿನ ಕಾಲೇಜು, ಹನ್ನೊಂದು ಹುಡುಗಿಯರು,
ಮೂರು ಒಳ್ಳೆಯ ಚೆಂಡು, ಒಂದು ಬೋಳು.
ಕಳೆದ ವರ್ಷ ಸೆಮಿಫೈನಲ್ಲಿಗೆ ಹೋದೆವು.
ತಪ್ಪಾದದ್ದೇ ಅಲ್ಲಿ.

ಅಲ್ಲಿಯವರೆಗೆ ಚರ್ಚ್‌ಗೇಟಿನವರು ತಾವಾಗಿ ಕರೆಯುತ್ತಿದ್ದರು,
ನಲವತ್ತು ಅಂಕದಿಂದ ಬಡಿದು
ವಡಾಪಾವ್ ಕೊಟ್ಟು ಕಳಿಸುತ್ತಿದ್ದರು, ಪ್ರೀತಿಯಿಂದ.
ಈಗ ಫುರ್ಟಾಡೊ ಸರ್ ದನಿ ತಗ್ಗಿಸುತ್ತಾರೆ:
"ಸಾಲ್ಯಾನ್, ನಿಮ್ಮನ್ನು ಗೆದ್ದರೆ ಯಾರೂ ಕೇಳುವುದಿಲ್ಲ,
ಸೋತರೆ ಪ್ರಿನ್ಸಿಪಾಲರು ಕೇಳುತ್ತಾರೆ.
ಇರಲಿ, ಡೈರಿ ನೋಡಿ ಹೇಳ್ತೇನೆ."

ಮಾಟುಂಗಾದವರಿಗೆ ಹಾಲ್ ಇದೆ, ಮರದ ನೆಲ.
"ನೀವೇ ಬನ್ನಿ, ಬೇಕಿದ್ದರೆ ಮೂರು ಸಲ ಬನ್ನಿ,
ನಾವು ಬರಲಿಕ್ಕಾಗುವುದಿಲ್ಲ. ಆ ಸಿಮೆಂಟಿನ ಮೇಲೆ
ನಮ್ಮ ಹುಡುಗಿಯರ ಮಂಡಿ..."
ಮಂಡಿ ಎಂಬ ಶಬ್ದವನ್ನು ಆ ಮೇಡಂ
ಗಾಜಿನ ಲೋಟದಂತೆ ಮೆಲ್ಲಗೆ ಕೆಳಗಿಟ್ಟರು.
ನಮ್ಮವರಿಗೂ ಇದೆ ಮೇಡಂ, ತಲಾ ಎರಡು, ಎಂದೆ,
ಫೋನು ಇಟ್ಟಮೇಲೆ.

ರಾತ್ರಿ ಅಡುಗೆಮನೆಗೆ ಎಲ್ಲ ಕೇಳಿಸುತ್ತದೆ.
"ನಾವೇ ಬರ್ತೇವೆ, ತಿಂಡಿ ನಮ್ಮದು,
ರೆಫರಿಯ ದುಡ್ಡೂ ನಮ್ಮದು, ಬೆಳಗ್ಗೆ ಆರಕ್ಕೆ ಹೇಳಿದರೂ..."
ಬಂಗುಡೆ ತಿರುವಿ ಹಾಕುತ್ತ ಹೇಮಲತಾ ಅಂದಳು:
"ತಂಗಿಗೆ ಗಂಡು ಹುಡುಕುವಾಗ
ಇಷ್ಟು ಅಂಗಲಾಚಲಿಲ್ಲವಲ್ಲ ಮಾರಾಯ್ರೆ."
ನಿಜ. ಅಲ್ಲಿ ಜಾತಕ ಕೂಡದಿದ್ದರೆ
ಕೂಡಲಿಲ್ಲ ಅನ್ನುತ್ತಿದ್ದರು.

ನಾಯಕಿ ತೇಜಲ್ ಧುಮಾಳ ಬೂಟಿನ ದಾರ ಕಟ್ಟುತ್ತ
ತಲೆಯೆತ್ತದೆ ಕೇಳುತ್ತಾಳೆ, ದಿನಾ: "ಕೋಣಾಸೋಬತ್, ಸರ್?"
ಯಾರೊಂದಿಗೆ.
ಒಂದು ಶನಿವಾರವನ್ನು ಮಳೆ ತಿಂದಿತು.
ಒಂದರ ಮೇಲೆ ಗಣಪತಿ ಮಂಟಪದ ಬಿದಿರು ಬಂದು ಬಿತ್ತು,
ಫ್ರೀ ಥ್ರೋ ಗೆರೆಗೆ ಸರಿಯಾಗಿ ಅಡ್ಡ.

ನಿನ್ನೆ ಪ್ಲಂಬರನ ನಂಬರು ಹುಡುಕುತ್ತ
ಮೊಬೈಲಿನಲ್ಲಿ ಕೆಳಕೆಳಗೆ ಇಳಿದಾಗ ಕಂಡದ್ದು:
ವಾಘಚೌರೆ ಸರ್, ಕರ್ಜತ್. ಜೂನಿನಿಂದ ಏಳು ಕರೆ.
ಎತ್ತಿದ್ದು ಎರಡು.
ಹೊಸ ತಂಡ, ನಮಗೆ ಉಪಯೋಗವಿಲ್ಲ ಅಂತ
ಬಾಯಿಬಿಟ್ಟು ಹೇಳಿರಲಿಲ್ಲ, ಅಷ್ಟು ಒರಟನಲ್ಲ ನಾನು.
ಹೇಳಿದ್ದು ಬೇರೆ. ಎರಡು ಸಲವೂ
ಅದೇ ನಾಲ್ಕು ಶಬ್ದ ಇರಬೇಕು, ಅಥವಾ ಮೂರು.

ನನ್ನ ಡೈರಿ ಬ್ಯಾಂಕಿನವರು ಕೊಟ್ಟದ್ದು.
ಜನವರಿಯಲ್ಲಿ ನಾಲ್ಕು ದಿನ ಹಾಲಿನ ಲೆಕ್ಕ,
ಮುಂದೆಲ್ಲ ಬಿಳಿ.

ಫೋನು ಮಾಡಿದೆ. ಆಚೆ ರೈಲು ಹೋಯಿತು, ಇಡೀ ರೈಲು.
"ಈ ಶನಿವಾರ, ಸರ್? ನಾವೇ ಬೇಕಾದರೆ ಕರ್ಜತ್‌ಗೆ..."
ಹಾಳೆ ಮಗುಚುವ ಸದ್ದು. ಬೆರಳಿಗೆ ಎಂಜಲು ತಾಗಿಸಿ
ಮತ್ತೊಂದು ಹಾಳೆ.
"ಈ ಶನಿವಾರ ಖೋಪೋಲಿಯವರು ಬರುತ್ತಾರೆ.
ಮುಂದಿನದಕ್ಕೆ ನಾವು ಬದಲಾಪುರಕ್ಕೆ."
ಸಿಟ್ಟಿರಲಿಲ್ಲ ದನಿಯಲ್ಲಿ.
ಬರೆದದ್ದನ್ನು ಓದಿದರು, ಅಷ್ಟೇ.

ಶನಿವಾರ ಏಳಕ್ಕೆ ಮಳೆ ಬಿಟ್ಟಿತ್ತು.
ಹುಡುಗಿಯರು ನೆಲದ ನೀರನ್ನು
ಯಾರದೋ ಹುಟ್ಟುಹಬ್ಬದ ಫ್ಲೆಕ್ಸಿನಿಂದ ಎಳೆದು ಹಾಕಿದರು.
ತೇಜಲ್ ಏನೂ ಕೇಳಲಿಲ್ಲ.
ಐವರು ಗೋಡೆಯ ಹಿಂದೆ ಹೋಗಿ
ಜೆರ್ಸಿ ತಿರುವಿ ತೊಟ್ಟು ಬಂದರು,
ಕಾಲೇಜಿನ ಹೆಸರು ಮೈಗೆ, ಹೊಲಿಗೆ ಹೊರಗೆ,
ಮುಖ ಕೂಡ ಕೊಂಚ ಬೇರೆ ಮಾಡಿಕೊಂಡು.
ಹನ್ನೊಂದನೆಯವಳು, ಮೆಹ್‌ಜಬೀನ್,
ಸೀಟಿಗಾಗಿ ನನ್ನತ್ತ ಕೈಚಾಚಿದಳು.
ಕೊಟ್ಟೆ.
ತಕ್ಷಣ ಊದಿದಳು.
ನಾನು ಗೆರೆಯೊಳಗೆ ನಿಂತಿದ್ದೆನಂತೆ.