ಗುಣವಾಚಕಗಳಿಗೆ ಅನುದಾನವಿಲ್ಲ

ಮೊದಲ ಸಲ ಬರೆದಾಗ
ಜ್ಞಾನದೇಗುಲ ಅಂದಿದ್ದೆ, ಅಕ್ಷರದ ಹಣತೆ ಅಂದಿದ್ದೆ,
ಎರಡು ಕಡೆ ಗಾದೆ,
‘ತಾವು ದಯಮಾಡಿ’ ಐದು ಸಲ.
ಹಾಲಪ್ಪ ಸರ್ ಓದಿದರು. ಬ್ಯಾಂಕಿನ ಲೆಕ್ಕ ತಪಾಸಣೆಯಲ್ಲಿ
ಮೂವತ್ತು ವರ್ಷ ಸವೆದ ಕಣ್ಣು.
ಕನ್ನಡಕ ಒರೆಸಿ ಮತ್ತೊಮ್ಮೆ ಓದಿದರು.
“ಚೆಂದ ಐತಮ್ಮ. ಲಗ್ನಪತ್ರಿಕೆ ಇದ್ದಂಗೈತಿ.
ಎಷ್ಟು ಜನ ಬರ್ತಾರ, ಅದೆಲ್ಲಿ?”

ತುಂಬಾ ಜನ ಬರ್ತಾರೆ, ಸರ್.
ಕೆಂಪು ಪೆನ್ನು ‘ತುಂಬಾ’ದ ಸುತ್ತ ಸುತ್ತಿತು.
ಕೊರಳಿಗೆ ಹಗ್ಗ ಬಿದ್ದ ಕರುವಿನ ಹಾಗೆ
ಪದ ಅಲ್ಲೇ ನಿಂತಿತು.

ಎರಡು ದಿನದ ತರಬೇತಿ, ಹದಿನೆಂಟು ಮಂದಿ,
ಜಗಳೂರು, ನ್ಯಾಮತಿ, ಚನ್ನಗಿರಿಯಿಂದ
ಬುತ್ತಿ ಕಟ್ಟಿಕೊಂಡು ಬಂದವರು.
ಬೇಡಿ ಗೊತ್ತು ನಮಗೆ:
ಕಪಾಟು ಬೇಡಿ ಕಪಾಟಿನ ಬೀಗ ಪಡೆದವರು ನಾವು.
ಬೇಡದ ಹಾಗೆ ಕೇಳುವುದನ್ನು
ಯಾರೂ ಹೇಳಿಕೊಟ್ಟಿರಲಿಲ್ಲ.
“ನಿಮ್ಮ ಹತ್ರ ಏನಿಲ್ಲ ಅನ್ನೋದು ಅಗತ್ಯ ಅಲ್ಲ.
ಅದಿಲ್ಲ ಅಂತ ಯಾರಿಗೆ ಏನು ತಪ್ಪೈತಿ, ಅದು ಅಗತ್ಯ.”
ಜಗಳೂರಿನ ಗುರುಶಾಂತಪ್ಪ ಇದನ್ನು
ಅಂಗೈ ಮೇಲೆ ಬರೆದುಕೊಂಡರು.

ಮರಳಿದೆ, ಮಂಡಕ್ಕಿ ಭಟ್ಟಿಗಳ ನಡುವಿನ ನನ್ನ ಶಾಖೆಗೆ.
ಇಲ್ಲಿ ಹೊಗೆಯೂ ಓದುಗ,
ಸದಸ್ಯತ್ವ ಇಲ್ಲದೆ ಕಿಟಕಿಯಿಂದ ಬಂದು
ಪ್ರತಿ ಪುಟದ ಅಂಚಿಗೆ ಬೆರಳೊತ್ತಿ ಹೋಗುತ್ತದೆ.
ಹನ್ನೊಂದು ವರ್ಷ ಇದೇ ಮೇಜು.
ಎಣಿಸಿರಲಿಲ್ಲ. ಒಂದು ವಾರ ಎಣಿಸಿದೆ.

ಮಂಗಳವಾರ ನಲವತ್ತೊಂದು. ಬುಧವಾರ ಮೂವತ್ತೆಂಟು.
ಕುರ್ಚಿ ಹದಿನಾಲ್ಕು, ಒಂದು ಕೂತವರನ್ನು ಕೆಡವುತ್ತದೆ.
ಸಂಜೆ ಆರರ ಮೇಲೆ ನಿಂತೇ ಓದುವವರು ಒಂಬತ್ತು.
ಭಟ್ಟಿಯ ದಾದಾಪೀರ್ ಪೇಪರು ಮುಟ್ಟುವ ಮುಂಚೆ
ಮೊಣಕೈವರೆಗೆ ಕೈ ತೊಳೆಯುತ್ತಾನೆ.
ನಲ್ಲಿ ಬಾರದ ದಿನ ಹೊಸ್ತಿಲಾಚೆ ನಿಂತು
ಇನ್ನೊಬ್ಬರು ಓದಿದ್ದು ಕೇಳಿಸಿಕೊಂಡು ಹೋಗುತ್ತಾನೆ.
ವಾರಕ್ಕೆ ಮೂರು ದಿನ. ಮೂರು ಅಂತ ಬರೆದೆ.
ಹತ್ತನೇ ಕ್ಲಾಸಿನ ಮುಬೀನಾಗೆ ಇಪ್ಪತ್ತೈದು ನಿಮಿಷ,
ಟ್ಯೂಷನ್ ಮುಗಿದು ಮಗ್ರಿಬ್ ಕೂಗುವ ತನಕ.
ವಿಜ್ಞಾನದ ಗೈಡು ಒಂದೇ ಪ್ರತಿ.
ಆರು ದಿನದಲ್ಲಿ ಅವಳ ಕೈಗೆ ಸಿಕ್ಕಿದ್ದು ಎರಡು ದಿನ.

ಎಣಿಸುತ್ತ ಎಣಿಸುತ್ತ ಅಂಜಿಕೆಯಾಯಿತು.
ನಾನು ‘ತುಂಬಾ ಜನ’ ಅಂದಾಗ
ಇವರ್ಯಾರೂ ಅದರೊಳಗೆ ಇರಲೇ ಇಲ್ಲ.

ಈಗ ಆಯವ್ಯಯ. ಬೆಂಚು ನಾಲ್ಕು, ಗೈಡು ಹತ್ತು,
ಮುಚ್ಚಳವಿರುವ ನೀರಿನ ಡ್ರಮ್ಮು ಒಂದು.
ಬಡಗಿ ಮೌನೇಶಾಚಾರಿ ಕೊಟೇಶನ್ ಬರೆದುಕೊಟ್ಟ.
ಮೂರು ಬೇಕಂತೆ ಅಂದೆ. ಅದಕ್ಕೇನು ಅಂದವನು
ತಮ್ಮನದೊಂದು, ಷಡ್ಡಕನದೊಂದು ತಂದ,
ಎರಡರಲ್ಲೂ ನೂರು ರೂಪಾಯಿ ಹೆಚ್ಚು, ಅದೇ ಅಕ್ಷರ.
ಹಾಲಪ್ಪ ಸರ್ ಗೊಳ್ಳೆಂದು ನಕ್ಕರು,
ಆಮೇಲೆ ಎರಡನ್ನೂ ಹರಿದರು.
ಏಪ್ರಿಲ್ ಬಿಸಿಲಲ್ಲಿ ಹಳೇಪೇಟೆ ಪೂರ್ತಿ ಸುತ್ತಿ
ನಿಜವಾದ ಎರಡು ತಂದೆ. ಅದರಲ್ಲೊಂದು
ಮೌನೇಶನದಕ್ಕಿಂತ ಕಡಿಮೆ. ಅವನಿಗೆ ಇನ್ನೂ ಹೇಳಿಲ್ಲ.

ಕೊನೆಯ ಕೋಷ್ಟಕ:
ಅನುದಾನ ಮುಗಿದ ಮೇಲೆ ಮುಂದುವರಿಸುವವರು ಯಾರು?
ಮೂರು ಸಾಲಿನಷ್ಟು ಜಾಗ.
‘ಸಮುದಾಯ’ ಅಂತ ಬರೆದು ಹೊಡೆದೆ.
ಸುತ್ತುವ ಕೆಂಪು ಪೆನ್ನು ಈಗ ನನ್ನೊಳಗೇ ಇದೆ.

ನಿನ್ನೆ ಮುಬೀನಾ ಮೇಜಿಗೆ ಆತು ನಿಂತು
ಕರಡನ್ನು ತಲೆಕೆಳಗಾಗಿಯೇ ಓದಿದಳು.
“ಇಪ್ಪತ್ತೈದಲ್ಲ ಅಕ್ಕಾ, ಇಪ್ಪತ್ತು.
ಐದು ನಿಮಿಷ ಹೊರಗೆ ಚಪ್ಪಲಿ ಹುಡುಕ್ತೀನಿ.”
ತಿದ್ದಿದೆ.
ಪೆನ್ನು ಕೇಳಿ ಇಸಕೊಂಡು ನಿಂತವರನ್ನು
ಅವಳೇ ಇನ್ನೊಮ್ಮೆ ಎಣಿಸಿದಳು,
ನನ್ನ ಒಂಬತ್ತರ ಪಕ್ಕ ಹತ್ತು ಅಂತ ಬರೆದಳು.

ಮೂರು ಸಾಲು ಇನ್ನೂ ಖಾಲಿ ಇವೆ.
ಗಡುವು ಶುಕ್ರವಾರ, ಸಂಜೆ ಐದಕ್ಕೆ.
ಪೆನ್ನು ಅವಳ ಹತ್ತಿರವೇ ಉಳಿದುಹೋಗಿದೆ.